ಮಧುಸೂದನ ಹೆಗಡೆಯವರ ಬಾತು ಪೀಪಿ

ಹೊಳನಗದ್ದೆಯ ಮಧುಸೂದನ ಹೆಗಡೆಯವರ ಮೇಲೆ ಐವತ್ತೆರಡು ವರ್ಷಗಳಲ್ಲಿ ಒಬ್ಬರೂ ಅನುಮಾನಪಟ್ಟಿರಲಿಲ್ಲ. ಅನುಮಾನಪಡುವಂಥದ್ದು ಅವರಲ್ಲಿ ಏನೂ ಇರಲಿಲ್ಲ ಎನ್ನುವುದೇ ಅದಕ್ಕೆ ಕಾರಣ. ಕುಮಟೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರು. ಬೆಳಿಗ್ಗೆ ಒಂಬತ್ತೂಕಾಲಿನ ಬಸ್ಸಿಗೆ ಹೋಗುವುದು, ಸಂಜೆ ಆರರ ಬಸ್ಸಿಗೆ ಬರುವುದು, ದಾರಿಯಲ್ಲಿ ಇರುವೆ ಸಾಲು ಅಡ್ಡ ಸಿಕ್ಕರೆ ನಿಂತು, ಸಾಲು ಎಲ್ಲಿ ತೆಳುವಾಗಿದೆ ಎಂದು ನೋಡಿ ದಾಟುವುದು. ಇಂಥವರು ಒಂದೇ ತಿಂಗಳೊಳಗೆ ಬೇಟೆಗಾರ, ಕಳ್ಳ, ಮಾಂಸಾಹಾರಿ ಎಂಬ ಮೂರು ಬಿರುದುಗಳನ್ನು ಸಂಪಾದಿಸಿದರು. ಅದಕ್ಕೆಲ್ಲ ಮೂಲ ಹೊನ್ನಾವರದ ಒಂದು ಉಪನಯನದ ಊಟ.

ಊಟಕ್ಕೆ ಅವರ ಪಕ್ಕದ ಎಲೆಯಲ್ಲಿ ಕೂತಿದ್ದವರು ಷಡ್ಡಕ ಶ್ರೀಧರ ಭಟ್ಟರು. ಹೆಗಡೆಯವರ ಹೆಂಡತಿ ಶಾಂಭವಿಯ ಅಕ್ಕ ಮಹಾಲಕ್ಷ್ಮಿಯನ್ನು ಮದುವೆಯಾಗಿ ಭಟ್ಕಳದ ಆಚೆ ಬೆಳಕೆಯಲ್ಲಿ ಮನೆ ಮಾಡಿಕೊಂಡವರು. ಶ್ರೀಧರ ಭಟ್ಟರಿಗೆ ಬಾರದ ವಿದ್ಯೆ ಇಲ್ಲ ಎಂದು ಶ್ರೀಧರ ಭಟ್ಟರೇ ಹೇಳುತ್ತಿದ್ದರು. ಜೇನು ಹಿಡಿಯುತ್ತಿದ್ದರು, ಹಾರ್ಮೋನಿಯಂ ಬಿಚ್ಚಿ ಜೋಡಿಸುತ್ತಿದ್ದರು, ಹಾವು ಬಂದರೆ ಹೆಸರು ಹೇಳಿ ಕಳಿಸುತ್ತಿದ್ದರು. ಆವತ್ತಿನ ವಿಷಯ ಹಕ್ಕಿ.

"ಬೆಳಗಾಮುಂಚೆ ಕಿವಿ ಕೊಟ್ಟು ಕೂತ್ರೆ ಆನು ಇಪ್ಪತ್ತೆರಡು ಹಕ್ಕಿ ದನಿ ಗುರ್ತ ಹಿಡಿತಿ. ನಿಂಗೆ ಎಷ್ಟು ಗೊತ್ತಿದ್ದು ಮಧುಸೂದನ?" ಎಂದರು ಶ್ರೀಧರ ಭಟ್ಟರು, ಇಡೀ ಪಂಕ್ತಿಗೆ ಕೇಳುವ ಹಾಗೆ.

ಇಂಥ ಪ್ರಶ್ನೆಗೆ ಹೆಗಡೆಯವರು ಇಪ್ಪತ್ತಮೂರು ವರ್ಷಗಳಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದರು: ನಕ್ಕು ಸುಮ್ಮನಾಗುವುದು. ಆವತ್ತು ಎರಡನೆಯ ಹೋಳಿಗೆ ಹೊಟ್ಟೆಗೆ ಹೋಗಿ ಏನು ಮಾಡಿತೋ ಏನೋ. ಕಿಟಕಿಯಾಚೆ ಶರಾವತಿಯ ನೀರಿನ ಮೇಲೆ ಒಂದಿಷ್ಟು ಬಾತುಗಳು ತೇಲುತ್ತಿದ್ದವು. ಅವುಗಳನ್ನೇ ನೋಡುತ್ತ ಹೆಗಡೆಯವರು, "ಆನು ಗುರ್ತ ಹಿಡಿತ್ನಿಲ್ಲೆ. ಕರಿತಿ" ಎಂದುಬಿಟ್ಟರು.

"ಯಾರ?"

"ಬಾತುಕೋಳಿಯ."

"ಕರೆದ್ರೆ ಬತ್ತನ?"

"ಬತ್ತು."

ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದವನು ಕೂಡ ಸೌಟು ಹಿಡಿದು ನಿಂತ. ಶ್ರೀಧರ ಭಟ್ಟರು ಹೆಗಡೆಯವರನ್ನು ಮೇಲಿಂದ ಕೆಳಗೆ ನೋಡಿದರು. "ಮುಂದಿನ ತಿಂಗ್ಳು ನಿಮ್ಮನೆ ತಿಥಿಗೆ ಹ್ಯಾಂಗೂ ಬತ್ಯ. ಹಿಂದಿನ ದಿನವೇ ಬತ್ಯ. ತೋರ್ಸು."

ವಾಪಸು ಬರುವ ಬಸ್ಸಿನಲ್ಲಿ ಶಾಂಭವಿ ತುಂಬ ಹೊತ್ತು ಕಿಟಕಿಯಾಚೆ ನೋಡಿದರು. ಕುಮಟೆ ಹತ್ತಿರವಾದಾಗ, "ನಿಂಗಕ್ಕೆ ಬಾತುಕೋಳಿ ಕರೆಯಲೆ ಬತ್ತು ಹೇಳಿ ಇಪ್ಪತ್ಮೂರು ವರ್ಷ ನಂಗೆ ಹೇಳಿದ್ರಿಲ್ಲೆ" ಎಂದರು.

"ನೀ ಕೇಳಿದ್ದಿಲ್ಲೆ."

ಇದು ಉತ್ತರವೇ ಅಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. "ಇನ್ನೆಂತೆಂತ ಬತ್ತು?" ಎಂದು ಶಾಂಭವಿ ಕೇಳಿದರು. ಹೆಗಡೆಯವರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದರು.

ಹೇಳಿದ ಮಾತನ್ನು ನಿಜ ಮಾಡಬೇಕಲ್ಲ. ಹೆಗಡೆಯವರು ಮರುದಿನ ಕಚೇರಿಯಲ್ಲಿ ಮೊಬೈಲಿನಲ್ಲಿ ಹುಡುಕಿದರು. ಬಾತುಕೋಳಿ ಕರೆಯಲೆಂದೇ ಒಂದು ಪೀಪಿ ಸಿಗುತ್ತದೆ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಊದಿದರೆ ಬಾತಿನ ದನಿ ಬರುತ್ತದೆ, ಪರದೇಶದಲ್ಲಿ ಬೇಟೆಗಾರರು ಅದನ್ನು ಊದಿಯೇ ಹಾರುವ ಬಾತನ್ನು ನೀರಿಗೆ ಇಳಿಸುತ್ತಾರೆ ಎಂದು ತಿಳಿಯಿತು. ಬೇಟೆಯ ಭಾಗವನ್ನು ಹೆಗಡೆಯವರು ಓದದೆ ಬಿಟ್ಟರು. ತರಿಸಿಯೂ ಬಿಟ್ಟರು.

ಪಾರ್ಸಲ್ಲು ಬಂದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ತಂದವನು ಪಕ್ಕದ ಮನೆಯ ಗಂಗೆಯ ಕೈಗೆ ಕೊಟ್ಟು ಹೋದ. ಗಂಗೆ ಮೀನು ಮಾರುವವಳು, ಗಂಡ ದೇವಪ್ಪ ದೋಣಿಯವನು. ಮನೆಯ ಹಿಂದೆ ಹತ್ತೊಂಬತ್ತು ಬಾತುಕೋಳಿ ಸಾಕಿದ್ದಳು. ಬೆಳಿಗ್ಗೆ ಬಿಟ್ಟರೆ ಅವು ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ ಹೆಕ್ಕುತ್ತ, ಹೆಗಡೆಯವರ ಬೇಲಿ ನುಸುಳಿ ಬಚ್ಚಲ ನೀರಿನ ಕಾಲುವೆಯಲ್ಲಿ ಮುಖ ತೊಳೆದುಕೊಂಡು, ಸಂಜೆ ಮನೆಗೆ ಹೋಗುತ್ತಿದ್ದವು. ಪಾರ್ಸಲ್ಲಿನ ಹೊರಗಿನ ಕಾಗದ ಒಂದು ಮಗ್ಗುಲಲ್ಲಿ ಹರಿದಿತ್ತು. ಗಂಗೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಒಳಗಿನ ಡಬ್ಬಿಯ ಮೇಲಿದ್ದ ಚಿತ್ರಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ. ಗಡ್ಡದ ಒಬ್ಬ ಮನುಷ್ಯ ಒಂದು ಕೈಯಲ್ಲಿ ಕೋವಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಮೂರು ಬಾತುಗಳನ್ನು ಕುತ್ತಿಗೆ ಹಿಡಿದು ನೇತಾಡಿಸಿ ನಗುತ್ತಿದ್ದ.

ಸಂಜೆ ಗಂಗೆ ಬೇಲಿಯ ಮೇಲಿಂದ ಪಾರ್ಸಲ್ಲು ಕೊಟ್ಟಳು, ಆದರೆ ಹಿಡಿತ ಬಿಡಲಿಲ್ಲ. "ಹೆಗ್ಡೇರೆ, ಎಂತದು ಇದು?"

"ಆಫೀಸಿಂದು" ಎಂದರು ಹೆಗಡೆಯವರು, ತಮ್ಮ ಕಡೆಯ ತುದಿ ಹಿಡಿದು.

"ಆಫೀಸಲ್ಲಿ ಬಾತುಕೋಳಿ ಎಂತಕ್ಕೆ?"

ಹೆಗಡೆಯವರು ಒಂದು ಕ್ಷಣ ಯೋಚಿಸಿದರು. "ಫೈಲಿಗೆ" ಎಂದರು.

ಗಂಗೆ ಪಾರ್ಸಲ್ಲು ಬಿಟ್ಟಳು. ಆವತ್ತು ಬಾತುಗಳನ್ನು ಗೂಡಿಗೆ ಹಾಕುವಾಗ ಎರಡು ಸಲ ಎಣಿಸಿದಳು.

ಹೆಗಡೆಯವರ ಅಭ್ಯಾಸ ಬಚ್ಚಲ ಮನೆಯಲ್ಲಿ ಶುರುವಾಯಿತು. ಬಚ್ಚಲು ಮನೆಯ ಹಿಂದೆ ಬೇರೆಯಾಗಿ ಇತ್ತು, ಬಾಗಿಲಿಗೆ ಅಗಳಿ ಇತ್ತು, ಹಾಗಾಗಿ ಗುಟ್ಟಿನ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಶಾಲೆ ಇರಲಿಲ್ಲ. ಮೊದಲಿನಿಂದಲೂ ಬರುವ ವಿದ್ಯೆ ಎಂದು ಹೆಂಡತಿಯನ್ನು ನಂಬಿಸಿದ ಮೇಲೆ ಕಲಿಯುವುದು ಅವಳಿಗೆ ಕಾಣಬಾರದಲ್ಲ. ಸಂಜೆ ಕಚೇರಿಯಿಂದ ಬಂದವರೇ ಟವೆಲು ಹೆಗಲಿಗೆ ಹಾಕಿ, ಪೀಪಿಯನ್ನು ಸೋಪಿನ ಡಬ್ಬಿಯಲ್ಲಿ ಅಡಗಿಸಿ ಒಳಗೆ ಹೋಗುತ್ತಿದ್ದರು. ಕಿವಿಗೆ ವಯರು ಸಿಕ್ಕಿಸಿ ಮೊಬೈಲಿನಲ್ಲಿ ಪೀಪಿ ಊದಲು ಕಲಿಸುವ ವಿಡಿಯೋ ಗುರುಗಳನ್ನು ಹಚ್ಚುತ್ತಿದ್ದರು. ಗುರುಗಳಿಗೂ ಗಡ್ಡವಿತ್ತು. ಗಂಟಲಿನಿಂದ ಊದಬೇಡಿ, ಹೊಟ್ಟೆಯಿಂದ 'ಹುಟ್' ಎನ್ನಿ ಎಂದು ಅವರು ಹೇಳುತ್ತಿದ್ದರು. ದೂರದ ಬಾತಿಗೆ 'ಹುಟ್, ಹುಟ್'. ಹತ್ತಿರದ ಬಾತಿಗೆ, ಇಲ್ಲಿ ಊಟ ನಡೆದಿದೆ ಎಂದು ನಂಬಿಸಲು, ನಾಲಿಗೆ ತುದಿಯಿಂದ 'ಟಿಕೆಟ್, ಟಿಕೆಟ್, ಟಿಕೆಟ್'.

ಮೊದಲ ದಿನ ಪೀಪಿಯಿಂದ ಹೊರಟ ದನಿ ಯಾವ ಪ್ರಾಣಿಯದೂ ಆಗಿರಲಿಲ್ಲ. ಮರಳು ತುಂಬಿದ ಪಂಪುಸೆಟ್ಟು ನೀರು ಎಳೆಯಲು ನೋಡಿ ಸೋತ ಹಾಗೆ ಕೇಳಿಸಿತು. ಶಾಂಭವಿ ಬಾಗಿಲ ಹೊರಗೆ ಬಂದು ನಿಂತರು.

"ಎಂತ ಆತು?"

"ಎಂತೂ ಆಜಿಲ್ಲೆ."

"ಕಫ ಕಟ್ಟಿದ್ದ?"

ಹೆಗಡೆಯವರು ಕೈಗೆ ಸಿಕ್ಕ ಕಾರಣ ಹಿಡಿದುಕೊಂಡರು. "ಹೌದು."

ಆ ಒಂದು ಮಾತಿಗೆ ಅವರು ಹನ್ನೆರಡು ದಿನ ಶುಂಠಿ ಮೆಣಸಿನ ಕಷಾಯ ಕುಡಿದರು. ಕಷಾಯ ಕುಡಿದಷ್ಟೂ ಉಸಿರು ಜೋರಾಯಿತು, ಉಸಿರು ಜೋರಾದಷ್ಟೂ ಬಚ್ಚಲಿನ ಸದ್ದು ಹೆಚ್ಚಾಯಿತು, ಸದ್ದು ಹೆಚ್ಚಾದಷ್ಟೂ ಶಾಂಭವಿ ಕಷಾಯಕ್ಕೆ ಮೆಣಸು ಹೆಚ್ಚು ಹಾಕಿದರು. ಆದರೆ ಅವರು ದಡ್ಡಿಯಲ್ಲ. ಕಫ ಇದ್ದವರು ಸ್ನಾನಕ್ಕೆ ಮೊಬೈಲು ಯಾಕೆ ಒಯ್ಯುತ್ತಾರೆ, ಒಯ್ದು ಒಳಗೆ ಯಾರಿಗೆ "ಹುಟ್, ಹುಟ್" ಎನ್ನುತ್ತಾರೆ, ಅರ್ಧ ಗಂಟೆ ಬಿಟ್ಟು ಬಂದರೂ ತಲೆ ಯಾಕೆ ಒದ್ದೆಯಾಗಿರುವುದಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಅವರು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡರು.

ಸಮಯ ಸಾಲದೆ ಹೆಗಡೆಯವರು ಬಸ್ಸಿನಲ್ಲೂ ಅಭ್ಯಾಸ ಮಾಡತೊಡಗಿದರು. ಪೀಪಿಯಿಲ್ಲದೆ, ನಾಲಿಗೆಯಲ್ಲಿ ಮಾತ್ರ. ಒಂದು ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಮೆಲ್ಲಗೆ "ಟಿಕೆಟ್, ಟಿಕೆಟ್, ಟಿಕೆಟ್" ಎನ್ನುತ್ತಿದ್ದಾಗ ಪಕ್ಕದಲ್ಲಿದ್ದ ಮುದುಕಿ ಹೊನ್ನಮ್ಮ ಸೆರಗಿನ ಗಂಟು ಬಿಚ್ಚಿ ತನ್ನ ಚೀಟಿ ತೋರಿಸಿದಳು. ಹಿಂದಿನ ಸೀಟಿನವರೂ ತೋರಿಸಿದರು. ಕಂಡಕ್ಟರು ಜನರನ್ನು ಸೀಳಿಕೊಂಡು ಬಂದ.

"ಸರ್, ನಾನು ಇಲ್ಲೇ ಇದ್ದೆ. ನೀವು ಯಾಕೆ ಕೇಳ್ತಾ ಇದ್ರಿ?"

"ನಾನು ಕೇಳ್ಲಿಲ್ಲ."

"ಎಲ್ಲ ತೋರಿಸ್ತಾ ಇದ್ದಾರಲ್ಲ. ಚೆಕಿಂಗಿಗೆ ಬಂದವ್ರಾ?" ಅವನ ದನಿ ಒಮ್ಮೆಲೇ ಇಳಿಯಿತು. ಅಲ್ಲ ಎಂದು ಹೆಗಡೆಯವರು ಆಣೆ ಮಾಡಿದಷ್ಟೂ ಅವನಿಗೆ ಹೌದೆಂದು ಖಾತ್ರಿಯಾಯಿತು. ಆವತ್ತಿನಿಂದ ಕಂಡಕ್ಟರು ಅವರಿಗೆ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟು, ಇಳಿಯುವವರೆಗೂ ಅವರನ್ನೇ ನೋಡುತ್ತಿದ್ದ.

ಭಾನುವಾರ ಹೆಗಡೆಯವರು ವಿದ್ಯೆಯ ಪರೀಕ್ಷೆಗೆ ಹೊರಟರು. ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಚಳಿಗಾಲಕ್ಕೆ ಕಾಡುಬಾತು ಇಳಿಯುತ್ತವೆ. ಸ್ಕೂಟರನ್ನು ದೂರ ನಿಲ್ಲಿಸಿ, ಗುರುಗಳು ಹೇಳಿದ್ದ ಹಾಗೆ ತಲೆಗೆ ಹಸಿರು ಟವೆಲು ಸುತ್ತಿ, ನೀರಂಚಿನಲ್ಲಿ ಪೊದೆಯಾಗಿ ಬೆಳೆದ ಕಾಂಡ್ಲಾ ಗಿಡದ ಹಿಂದೆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ನೀರಿನಲ್ಲಿ ನಲವತ್ತು ಬಾತುಗಳಿದ್ದವು. ಹೊಟ್ಟೆಯಿಂದ "ಹುಟ್" ಎಂದು ಊದಿದರು. ನಲವತ್ತೂ ಒಟ್ಟಿಗೆ ಎದ್ದು ಗೋಕರ್ಣದ ಕಡೆ ಹಾರಿಹೋದವು. ಹಿಂತಿರುಗಿ ಕೂಡ ನೋಡಲಿಲ್ಲ.

ಹೆಗಡೆಯವರು ಎದ್ದು ನಿಂತಾಗ ಹತ್ತು ಮಾರು ದೂರದಲ್ಲಿ ದೋಣಿಯೊಂದು ನಿಂತಿತ್ತು. ದೋಣಿಯಲ್ಲಿ ಬಲೆ ಹಿಡಿದುಕೊಂಡು ದೇವಪ್ಪ.

"ಹೆಗ್ಡೇರೆ" ಎಂದ ದೇವಪ್ಪ, ಕೆಸರನ್ನೂ ಹಸಿರು ಟವೆಲನ್ನೂ ನೋಡಿ. "ಇಲ್ಲೆಂತ ಮಾಡ್ತ್ರಿ?"

"ವಾಯುವಿಹಾರ."

ದೇವಪ್ಪ ದೋಣಿ ತಿರುಗಿಸಿದ. ಹುಟ್ಟು ಹಾಕುತ್ತ ಹೋದ. ಹೋಗುವಾಗ ಮೂರು ಸಲ ತಿರುಗಿ ನೋಡಿದ.

ಇಷ್ಟಕ್ಕೇ ನಿಂತಿದ್ದರೆ ಊರು ನಾಲ್ಕು ದಿನ ಮಾತಾಡಿ ಮರೆಯುತ್ತಿತ್ತು. ಆದರೆ ಆ ಬುಧವಾರ ಗಂಗೆ ಬಾತು ಎಣಿಸಿದಾಗ ಹದಿನೇಳು ಇದ್ದವು. ಮತ್ತೆ ಎಣಿಸಿದಳು, ಹದಿನೇಳು. ದೇವಪ್ಪನ ಕೈಯಲ್ಲಿ ಎಣಿಕೆ ಮಾಡಿಸಿದಳು, ಹದಿನೇಳು. ಕುತ್ತಿಗೆಗೆ ಕರಿ ಚುಕ್ಕೆಯಿದ್ದದ್ದು ಮತ್ತು ಎಡಗಾಲು ಕುಂಟುವುದು ಎರಡೂ ಕಾಣಲಿಲ್ಲ. ಗದ್ದೆ ಹುಡುಕಿದರು, ಕಾಲುವೆ ಹುಡುಕಿದರು. ನರಿ ತಿಂದಿದ್ದರೆ ಪುಕ್ಕವಾದರೂ ಇರಬೇಕಿತ್ತು. ಗಂಗೆಯ ಕಣ್ಣ ಮುಂದೆ ಡಬ್ಬಿಯ ಮೇಲಿನ ಗಡ್ಡದವನು ಬಂದು ನಿಂತ. ನೋಡನೋಡುತ್ತಿದ್ದಂತೆ ಅವನ ಗಡ್ಡ ಉದುರಿ ಕನ್ನಡಕ ಬಂತು.

ಹೆಗಡೆಯವರ ಹೆಸರನ್ನು ಗಂಗೆ ಎಲ್ಲೂ ಹೇಳಲಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಹೋದಾಗ, "ಬಾತು ಎರಡು ಹೋದ್ವು. ಯಾರು ಅಂತ ನಾ ಹೇಳೂದಿಲ್ಲ. ಪಾರ್ಸಲ್ ಬಂದವ್ರಿಗೆ ಗೊತ್ತು" ಎಂದಷ್ಟೇ ಹೇಳಿದಳು. ಬಂಗಡೆಗಿಂತ ಮೊದಲು ಸುದ್ದಿ ಖಾಲಿಯಾಗುತ್ತಿತ್ತು. ಎರಡು ದಿನದಲ್ಲಿ, ಹೆಗಡೆಯವರು ದಿನಾ ಸಂಜೆ ಬಚ್ಚಲಲ್ಲಿ ಬಾತು ಕೊಯ್ಯುತ್ತಾರೆ, ಆ ಸದ್ದು ಅದರದ್ದೇ ಎನ್ನುವಲ್ಲಿಗೆ ಅದು ಬಂದು ನಿಂತಿತು. ಬಸ್ಸು ಕಟ್ಟೆಯ ಪಕ್ಕದ ಚಹಾದಂಗಡಿಯ ದಾಸ ಚಹಾ ಕೊಡುತ್ತ ತಗ್ಗಿದ ದನಿಯಲ್ಲಿ ಕೇಳಿದ, "ಹೆಗ್ಡೇರೆ, ಬೇರೆ ಎಂತಕ್ಕೂ ಅಲ್ಲ, ನಮ್ಮಾವನಿಗೆ ಮೂಲವ್ಯಾಧಿ. ಬಾತು ಉಷ್ಣವೋ ತಂಪೋ?"

"ನನಗೆ ಹೇಗೆ ಗೊತ್ತು?"

"ಅಲ್ಲ, ತಿಳಿದವ್ರು ಅಂತ ಕೇಳಿದ್ದು" ಎಂದ ದಾಸ.

ಇದಕ್ಕಿಂತ ದೊಡ್ಡ ಪೆಟ್ಟು ಫೋನಿನಲ್ಲಿ ಬಂತು. ತಂದೆಯ ತಿಥಿಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಪುರೋಹಿತರು ತ್ರ್ಯಂಬಕ ಭಟ್ಟರು.

"ಮಧುಸೂದನ, ತಿಥಿ ದಿನ ನಂಗೆ ಹೊಟ್ಟೆ ಸರಿ ಇರ್ತಿಲ್ಲೆ."

"ತಿಥಿಗೆ ಇನ್ನೂ ಹತ್ತು ದಿನ ಇದ್ದಲ್ರಾ ಭಟ್ರೇ."

"ಅದೇ. ಈಗಿಂದ್ಲೇ ಅನುಮಾನ."

ಹೆಗಡೆಯವರು ಫೋನು ಇಟ್ಟು ಜಗಲಿಯಲ್ಲಿ ಕೂತರು. ಅಪ್ಪನ ತಿಥಿ ನಿಂತರೆ ಹೇಗೆ ಎಂದು ಅವರಿಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಪೀಪಿಯನ್ನು ಹೊಳೆಗೆ ಎಸೆದುಬಿಡೋಣ ಎಂದುಕೊಂಡರು. ಎಸೆದರೆ ಶ್ರೀಧರ ಭಟ್ಟರಿಗೆ ಏನು ತೋರಿಸುವುದು? ಎಸೆಯುವುದನ್ನು ಯಾರಾದರೂ ನೋಡಿದರೆ, ಸಾಕ್ಷಿ ಮುಚ್ಚಿದರು ಎನ್ನುವುದಿಲ್ಲವೇ? ಹೀಗೆ ಯೋಚಿಸಿ, ಬೇರೆ ದಾರಿ ಕಾಣದೆ, ಟವೆಲು ಹೆಗಲಿಗೆ ಹಾಕಿ ಬಚ್ಚಲಿಗೆ ಹೋದರು.

ತಿಥಿಯ ಹಿಂದಿನ ದಿನ ಭಾನುವಾರ. ಮಧ್ಯಾಹ್ನದ ಊಟಕ್ಕೇ ಶ್ರೀಧರ ಭಟ್ಟರು ಮಹಾಲಕ್ಷ್ಮಿಯೊಡನೆ ಕಾರಿನಲ್ಲಿ ಬಂದಿಳಿದರು. ನಾಲ್ಕು ಗಂಟೆಗೆ ಚಹಾ ಕುಡಿದು ಲೋಟ ಇಡುತ್ತ, "ನಡಿ, ಕರಿ" ಎಂದರು.

ಅಷ್ಟರಲ್ಲಿ ಗೇಟು ತೆಗೆದ ಸದ್ದಾಯಿತು. ಮುಂದೆ ಖಾಕಿ ತೊಟ್ಟ ಅರಣ್ಯ ಇಲಾಖೆಯ ಗಾರ್ಡು ಕೃಷ್ಣಾನಂದ ನಾಯ್ಕ, ಕಂಕುಳಲ್ಲಿ ಒಂದು ಪುಸ್ತಕ. ಹಿಂದೆ ದೇವಪ್ಪ. ದೇವಪ್ಪನ ಹಿಂದೆ ಗಂಗೆ. ಅವರ ಹಿಂದೆ, ತಮಗೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ ಆಕಾಶ ನೋಡುತ್ತ, ತ್ರ್ಯಂಬಕ ಭಟ್ಟರು.

"ದರ್ಭೆ ಇದ್ದ ಹೇಳಿ ಕೇಳಲೆ ಬಂದೆ" ಎಂದರು ಭಟ್ಟರು. ಅವರ ಮೂಗು ಮಾತ್ರ ಅಡಿಗೆಮನೆಯ ಕಡೆ ತಿರುಗಿ ಏನನ್ನೋ ಪರೀಕ್ಷಿಸುತ್ತಿತ್ತು.

ಗಾರ್ಡು ಪುಸ್ತಕ ತೆರೆದ. "ಹೆಗ್ಡೇರೆ, ನಿಮ್ಮ ಹತ್ರ ಬಾತು ಬೇಟೆ ಸಾಮಾನು ಇದೆ ಅಂತ ದೂರು. ಗಜನಿಯಲ್ಲಿ ನೀವು ಅಡಗಿ ಕೂತಿದ್ದು ದೇವಪ್ಪ ನೋಡಿದಾರೆ. ಕಾಡುಬಾತು ಆದ್ರೆ ನಮಗೆ ಬರ್ತದೆ. ಸಾಕಿದ ಬಾತು ಆದ್ರೆ ಪೊಲೀಸರಿಗೆ ಹೋಗ್ತದೆ. ಯಾವ್ದು ಅಂತ ಮೊದ್ಲು ಗೊತ್ತಾಗ್ಬೇಕು."

"ಯಾವ್ದೂ ಅಲ್ಲ."

"ಯಾವ್ದೂ ಅಲ್ಲ ಅನ್ನೂದಕ್ಕೆ ಇದ್ರಲ್ಲಿ ಜಾಗ ಇಲ್ಲ" ಎಂದ ಗಾರ್ಡು, ಪುಟ ತೋರಿಸಿ.

ಹೆಗಡೆಯವರು ಸೋಪಿನ ಡಬ್ಬಿ ತಂದು ಪೀಪಿ ತೆಗೆದಿಟ್ಟರು. ಶಾಂಭವಿ ಡಬ್ಬಿಯನ್ನೂ ಗಂಡನನ್ನೂ ನೋಡಿದರು. ಗಂಗೆ, "ಅದೇ, ಇದನ್ನ ಊದಿ ಊದಿ ನನ್ನ ಬಾತನ್ನ ಒಳಗೆ ಕರ್ಸಿಕೊಂಡ್ರು" ಎಂದಳು.

"ಇದ್ರಲ್ಲಿ ಬಾತು ಬರೂದೇ ಇಲ್ಲ" ಎಂದು ಹೆಗಡೆಯವರ ಬಾಯಿಂದ ಬಂದುಹೋಯಿತು.

"ಬತ್ತಿಲ್ಯ?" ಎಂದರು ಶ್ರೀಧರ ಭಟ್ಟರು, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಹೊನ್ನಾವರದಲ್ಲಿ ನೀನೇ ಬತ್ತು ಹೇಳಿದ್ದೆ."

"ಬರ್ತದೋ ಇಲ್ವೋ ಊದಿ ನೋಡಿದ್ರೆ ಆತು" ಎಂದ ಗಾರ್ಡು.

ಹೆಗಡೆಯವರು ಅಂಗಳದ ನಡುವೆ ನಿಂತರು. ಅಂಥ ಜಾಗದಲ್ಲಿ ಹಿಂದೆ ಯಾವ ಸಹಕಾರಿ ಗುಮಾಸ್ತನೂ ನಿಂತಿರಲಾರ. ಬಾತು ಬಂದರೆ ಕಳ್ಳ. ಬಾರದಿದ್ದರೆ ಸುಳ್ಳ. ಒಂದು ಕಡೆ ಅಪ್ಪನ ತಿಥಿ, ಇನ್ನೊಂದು ಕಡೆ ಶ್ರೀಧರ ಭಟ್ಟರ ಮೀಸೆಯಡಿ ಆಗಲೇ ಹೊರಡಲು ಸಿದ್ಧವಾಗಿದ್ದ ನಗು. ಇನ್ನಿಪ್ಪತ್ತು ವರ್ಷ ಪ್ರತಿ ಪಂಕ್ತಿಯಲ್ಲೂ ಆ ನಗು ಪಕ್ಕದ ಎಲೆಯಲ್ಲಿ ಕೂರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಅವರು ಅಪ್ಪನನ್ನೇ ಆರಿಸಿಕೊಂಡರು. ಬಾರದಿರಲಿ, ಸುಳ್ಳ ಎನಿಸಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿದರು. ಬಾರದ ಹಾಗೆ ಊದುವುದು ಅವರಿಗೆ ಕಷ್ಟವೇನೂ ಇರಲಿಲ್ಲ. ಗುರುಗಳು ಹೇಳಿದ್ದನ್ನೆಲ್ಲ ಬಿಟ್ಟು, ಗಂಟಲಿನಿಂದ, ನಾಲಿಗೆ ಹೇಗೆ ಬೇಕೋ ಹಾಗೆ ಆಡಿಸಿ, ಮರಳು ತುಂಬಿದ ಪಂಪುಸೆಟ್ಟಿನ ದನಿಯಲ್ಲಿ ಒಂದು ಸಲ ಊದಿದರು.

ಗದ್ದೆಯ ಆ ತುದಿಯಲ್ಲಿ ಒಂದು ತಲೆ ಎದ್ದಿತು. ಆಮೇಲೆ ಹದಿನೇಳು ತಲೆ. ಅವು ನಡೆಯಲಿಲ್ಲ, ಓಡಿದವು. ರೆಕ್ಕೆ ಬಿಚ್ಚಿ, ಒಂದರ ಮೇಲೊಂದು ಬಿದ್ದು, ಬೇಲಿ ನುಸುಳಿ, ಶ್ರೀಧರ ಭಟ್ಟರ ಕಾರಿನ ಅಡಿಯಿಂದ ಹಾದು ಬಂದು ಹೆಗಡೆಯವರ ಸುತ್ತ ಮುತ್ತಿಕೊಂಡು ಕುತ್ತಿಗೆ ಎತ್ತಿ ಅವರ ಮುಖವನ್ನೇ ನೋಡುತ್ತ ನಿಂತವು.

ಶ್ರೀಧರ ಭಟ್ಟರು ಕುರ್ಚಿಯಿಂದ ಎದ್ದಿದ್ದರು. ಮೀಸೆಯಡಿ ಹೊರಡಲು ಸಿದ್ಧವಾಗಿದ್ದ ನಗು ವಾಪಸು ಹೋಗಿತ್ತು. ಹೆಗಡೆಯವರಿಗೆ ಎದೆಯೊಳಗೆ ಏನೋ ಹಿತವಾಗಿ ಉಬ್ಬಿತು. ಮೂರು ಉಸಿರು ಎಳೆಯುವಷ್ಟು ಹೊತ್ತು ಅವರು ಸುಖವಾಗಿದ್ದರು.

ಆಗ ಅವರದೇ ಹಳೆಯ ಕೊಟ್ಟಿಗೆಯ ಬಾಗಿಲ ಸಂದಿನಿಂದ ಇನ್ನೆರಡು ಬಾತು ಹೊರಗೆ ಬಂದವು. ಮುಂದಿನದರ ಕುತ್ತಿಗೆಗೆ ಕರಿ ಚುಕ್ಕೆಯಿತ್ತು. ಹಿಂದಿನದು ಕುಂಟುತ್ತಿತ್ತು.

"ನೋಡಿ" ಎಂದಳು ಗಂಗೆ, ಮೆಲ್ಲಗೆ. ಗಾರ್ಡು ಪೆನ್ನಿನ ಮುಚ್ಚಳ ತೆಗೆದ. ತ್ರ್ಯಂಬಕ ಭಟ್ಟರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಆ ಬಾತುಗಳು ತಮ್ಮ ಕೊಟ್ಟಿಗೆಯಲ್ಲಿ ಯಾಕಿದ್ದವು ಎಂದು ಹೆಗಡೆಯವರಿಗೂ ಅಷ್ಟೇ ಅನುಮಾನವಾಗಿತ್ತು.

"ನಿಲ್ಲಿ" ಎಂದರು ಶಾಂಭವಿ. ಜಗಲಿಯಿಂದ ಇಳಿದು ಬಂದು ಗಂಗೆಯ ಕೈ ಹಿಡಿದರು. "ಬಾ, ಒಳಗೆ ನೋಡು. ಎಲ್ಲರೂ ಬನ್ನಿ. ಭಟ್ರೇ, ನಿಂಗಳೂ ಬನ್ನಿ."

ಐದು ವರ್ಷದಿಂದ ದನವಿಲ್ಲದ ಕೊಟ್ಟಿಗೆಯ ಮೂಲೆಯಲ್ಲಿ ಒಣಹುಲ್ಲು ಹಾಸಿತ್ತು. ಪಕ್ಕದಲ್ಲಿ ಒಂದು ಹಳೆಯ ಬೋಗುಣಿಯಲ್ಲಿ ನೀರು. ಹುಲ್ಲಿನ ನಡುವೆ, ಇನ್ನೂ ಬಿಸಿ ಆರದ ಹನ್ನೊಂದು ಮೊಟ್ಟೆ.

"ಅವೇ ಬಂದು ಕೂತ್ಕೊಂಡವು, ಗಂಗೆ. ಇವ್ರು ಕರೆದ್ರು, ಎಲ್ಲ ಬಂದವು, ಈ ಎರಡು ವಾಪಸ್ ಹೋಗೂಕೆ ಒಪ್ಲಿಲ್ಲ. ಕಾವಿಗೆ ಕೂತಿದ್ದನ್ನ ಎಬ್ಬಿಸೂದು ಹೇಗೆ? ಹುಲ್ಲು ಹಾಕಿದ್ದು ನಾನು. ಮರಿ ಆದ ಮೇಲೆ ಒಟ್ಟಿಗೇ ಕೊಡೂಣ ಅಂತ ಇತ್ತು."

"ಇಷ್ಟು ದಿನ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವ ಅಮ್ಮ?"

"ಮಾರನೇ ದಿನವೇ ಹೇಳೂಕೆ ಹೊರಟಿದ್ದೆ. ಅಷ್ಟರಲ್ಲಿ ನೀನು ಊರೆಲ್ಲ ಹೇಳಿ ಆಗಿತ್ತು. ಆಮೇಲೆ ನಮ್ಮ ಕೊಟ್ಟಿಗೇಲಿ ಇದ್ದು ಅಂದ್ರೆ ಯಾರು ನಂಬ್ತಿದ್ರು?"

ಗಂಗೆ ಮೊಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಕಳೆದದ್ದು ಎರಡು, ಸಿಗುತ್ತಿರುವುದು ಹದಿಮೂರು ಎಂದು ಹೊಳೆದ ಮೇಲೆ ಅವಳ ಮುಖ ಸಡಿಲಾಯಿತು. "ನಾ ಯಾರ ಹೆಸ್ರೂ ಹೇಳ್ಲಿಲ್ಲ" ಎಂದಳು, ಯಾರನ್ನೂ ನೋಡದೆ.

ತ್ರ್ಯಂಬಕ ಭಟ್ಟರು ಕನ್ನಡಕ ಏರಿಸಿ ಬಗ್ಗಿ ಪರೀಕ್ಷೆ ನಡೆಸಿದರು. "ತಿಂಬವ ಆಗಿದ್ರೆ ಮೊಟ್ಟೆ ಬಿಡ್ತಿದ್ನಿಲ್ಲೆ" ಎಂದು ತೀರ್ಪು ಕೊಟ್ಟರು. "ನಾಳೆ ಹತ್ತು ಗಂಟೆಗೆ ಬತ್ತಿ. ಹೊಟ್ಟೆ ಈಗ ಅಡ್ಡಿಲ್ಲೆ. ವಡೆ ಸ್ವಲ್ಪ ಗರಿಗರಿ ಇರ್ಲಿ."

ಗಾರ್ಡು ಮಾತ್ರ ಪೆನ್ನು ಹಿಡಿದೇ ಇದ್ದ. "ಗಜನಿಯ ವಿಷಯ ಉಳೀತು. ದೇವಪ್ಪ, ಇವ್ರು ಊದಿದಾಗ ಕಾಡುಬಾತು ಹತ್ರ ಬಂದ್ವಾ?"

ದೇವಪ್ಪ ಸತ್ಯವಂತ. "ಇಲ್ಲ. ಓಡಿಹೋದ್ವು."

"ಒಂದಾದ್ರೂ?"

"ಒಂದೂ ನಿಲ್ಲಲಿಲ್ಲ."

"ಹಾಗಾದ್ರೆ ಬೇಟೆ ಅಲ್ಲ" ಎಂದು ಗಾರ್ಡು ಪುಸ್ತಕ ಮುಚ್ಚಿದ. "ಹೆಗ್ಡೇರೆ, ಇನ್ನು ಗಜನಿ ಕಡೆ ಇದನ್ನ ಒಯ್ಬೇಡಿ. ಅಲ್ಲಿ ಊದಿದ್ರೆ ನಾನು ಬರ್ಬೇಕಾಗ್ತದೆ. ಇಲ್ಲಿ ಊದಿದ್ರೆ ಗಂಗೆ ಬರ್ತಾಳೆ. ಯಾರು ವಾಸಿ ನೋಡ್ಕೊಳ್ಳಿ."

ಎಲ್ಲರೂ ಹೋದ ಮೇಲೆ ಹೆಗಡೆಯವರು ಅಡಿಗೆಮನೆಗೆ ಬಂದರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮಹಾಲಕ್ಷ್ಮಿ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು ಶಾಂಭವಿಯ ಹತ್ತಿರ ನಿಂತು, "ನೋಡಿದ್ಯ? ಹ್ಯಾಂಗೆ ಬಂದ್ವು" ಎಂದರು.

ಶಾಂಭವಿ ಉದ್ದು ತೊಳೆಯುತ್ತಿದ್ದರು. "ನೋಡ್ದೆ. ಅನ್ನಕ್ಕೆ ಬಂದ್ವು."

"ಯಾವ ಅನ್ನ?"

"ನಿಂಗ ಬಾಗ್ಲು ಹಾಯ್ಕಂಡು ಒಳಗೆ ಯಾರ ಹತ್ರ ಮಾತಾಡ್ತ್ರಿ ಹೇಳಿ ನಂಗೆ ಅನುಮಾನ ಬಂತು. ದಿನಾ ಬಚ್ಚಲ ಹಿಂದೆ ನಿಂತು ಕಿವಿ ಕೊಡ್ತಿದ್ದೆ. ಅಲ್ಲಿ ಈ ಬಾತು. ಕಾಲ ಬುಡಕ್ಕೆ ಬಂ‌ದು ಗಲಾಟೆ ಮಾಡಿ ಎಂತೂ ಕೇಳಲೆ ಬಿಡ್ತಿತ್ವಿಲ್ಲೆ. ಬಾಯಿ ಮುಚ್ಚಿಸಲೆ ಮಧ್ಯಾಹ್ನದ ಅನ್ನ ಹಾಕ್ತಿದ್ದೆ. ನಿಂಗ ಊದಲೆ ಶುರು ಮಾಡಿದ್ರೆ ಆನು ಹಾಕಲೆ ಶುರು ಮಾಡ್ತಿದ್ದೆ. ಒಂದು ತಿಂಗ್ಳು."

ಹೆಗಡೆಯವರು ಅಕ್ಕಿ ಡಬ್ಬಿಯ ಮೇಲೆ ಕೂತರು. ಅವರ ಕಾಲು ನೆಲಕ್ಕೆ ತಾಗಿತು. "ಆನು ಯಾರ ಹತ್ರ ಮಾತಾಡ್ತಿದ್ದೆ ಹೇಳಿ ತಿಳ್ಕಂಡಿದ್ದೆ ನೀನು?" ಎಂದರು.

"ಅದು ಈಗ ಎಂತಕ್ಕೆ" ಎಂದರು ಶಾಂಭವಿ. ಅವರ ಕಿವಿ ಸ್ವಲ್ಪ ಕೆಂಪಾಗಿತ್ತು. "ಅನ್ನದ ವಿಷಯ ಅಲ್ಲಿ ಹೇಳಿದ್ನಿಲ್ಲೆ. ಭಾವನ ಎದುರು ಎಂತಕ್ಕೆ ಹೇಳವು?"

ಹೆಗಡೆಯವರು ಹೆಂಡತಿಯ ಮುಖ ನೋಡಿದರು. ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ಹೇಳಿಸಿಕೊಳ್ಳದೆಯೇ, ತೆಂಗಿನಕಾಯಿ ತುರಿಯಲು ಕೂತರು.

ತಿಥಿ ಚೆನ್ನಾಗಿ ನಡೆಯಿತು. ತ್ರ್ಯಂಬಕ ಭಟ್ಟರು ಒಂಬತ್ತು ವಡೆ ತಿಂದರು. ಶ್ರೀಧರ ಭಟ್ಟರು ಎರಡು ದಿನವೂ ಜೇನಿನ ಸುದ್ದಿ, ಹಾವಿನ ಸುದ್ದಿ ಯಾವುದೂ ಎತ್ತಲಿಲ್ಲ. ಹೊರಡುವಾಗ ಕಾರಿನ ಬಾಗಿಲು ಹಿಡಿದು, ಹೆಂಗಸರು ದೂರವಿದ್ದಾರೆಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ, "ಮಧುಸೂದನ, ಅದ ನಂಗೆ ಕಲಿಸ್ತ್ಯನ?" ಎಂದರು.

ಹೆಗಡೆಯವರು ಕಿಸೆಯಿಂದ ಪೀಪಿ ತೆಗೆದು ಅವರ ಅಂಗೈಯಲ್ಲಿಟ್ಟರು. "ಕಲಿಸುವಂಥದ್ದು ಎಂತೂ ಇಲ್ಲೆ. ಬಚ್ಚಲಲ್ಲಿ ಬಾಗ್ಲು ಹಾಯ್ಕಂಡು ದಿನಾ ಅರ್ಧ ತಾಸು ಊದವು. ಯಾರಿಗೂ ಹೇಳಲಾಗ. ಉಳಿದದ್ದು ತನ್ನಷ್ಟಕ್ಕೇ ಬತ್ತು."

ಹದಿನೈದು ದಿನದ ಮೇಲೆ ಬೆಳಕೆಯಿಂದ ಫೋನು ಬಂತು. ಮಹಾಲಕ್ಷ್ಮಿಯ ದನಿ ಪಿಸುಗುಡುತ್ತಿತ್ತು.

"ತಂಗೀ, ಇವರದ್ದು ಎಂತೋ ಸರಿ ಇಲ್ಲೆ. ಸಂಜೆ ಆತು ಹೇಳಿದ್ರೆ ಬಚ್ಚಲಿಗೆ ಹೋಗಿ ಬಾಗ್ಲು ಹಾಕ್ಯತ್ತ. ಒಳಗಿಂದ ಎಂತೆಂತೋ ದನಿ ಬತ್ತು. ಕೇಳಿದ್ರೆ ಕಫ ಹೇಳ್ತ. ನಂಗೆ ಬಲವಾದ ಅನುಮಾನ. ಎಂತ ಮಾಡ್ಲೇ?"

ಶಾಂಭವಿ ಜಗಲಿಯಲ್ಲಿ ಪೇಪರು ಓದುತ್ತಿದ್ದ ಗಂಡನನ್ನು ನೋಡಿದರು. "ನಿಮ್ಮನೆ ಪಕ್ಕದಲ್ಲಿ ಯಾರಾದ್ರೂ ಬಾತುಕೋಳಿ ಸಾಕಿದ್ವನೇ ಅಕ್ಕ?"

"ಬಾತು ಇಲ್ಲೆ. ಊರು ಕೋಳಿ ಇದ್ದು, ಹತ್ತು ಹದಿನೈದು."

ಶಾಂಭವಿ ಫೋನಿನ ಮೇಲೆ ಅಂಗೈ ಮುಚ್ಚಿ ಗಂಡನಿಗೆ ಹೇಳಿದರು, "ಬಾತು ಇಲ್ಲೆಡ. ಕೋಳಿ ಇದ್ದಡ."

ಮಧುಸೂದನ ಹೆಗಡೆಯವರು ಪೇಪರು ಕೆಳಗಿಟ್ಟು, ಈ ವಿದ್ಯೆಯಲ್ಲಿ ಬಹುಕಾಲ ಪಳಗಿದವರ ಗಾಂಭೀರ್ಯದಿಂದ ಒಂದು ಗಳಿಗೆ ಯೋಚಿಸಿದರು.

"ಅಡ್ಡಿಲ್ಲೆ" ಎಂದರು. "ಅನ್ನ ಹಾಕು ಹೇಳು."